"ಭುಜ ಬಿಡಿ ಸಾರ್": ಕುರ್ಚಿ ಕೆಲಸದವರ ಮೈಬಿಗಿತ ಬಿಡಿಸುವ ಮೆತ್ತನೆಯ ದಾರಿ

ಮೂರು ವರ್ಷದ ಹಿಂದೆ ತಂಗಿಯ ಮದುವೆಗೆ ಅಂತ ಬ್ಲೇಜರ್ ಹೊಲಿಸಲು ಹೋಗಿದ್ದೆ. ಟೈಲರ್ ಟೇಪು ಹಿಡಿದು ಹಿಂದೆ ನಿಂತು, "ಭುಜ ಬಿಡಿ ಸಾರ್" ಅಂದರು. "ಬಿಟ್ಟಿದೀನಲ್ಲ" ಅಂದೆ. ಅವರು ಮಾತಾಡದೆ ನನ್ನ ಎರಡೂ ಹೆಗಲ ಮೇಲೆ ಅಂಗೈ ಇಟ್ಟು ಸುಮ್ನೆ ನಿಂತರು. ಒತ್ತಲಿಲ್ಲ, ಎಳೆಯಲಿಲ್ಲ. ಸ್ವಲ್ಪ ಹೊತ್ತಿಗೆ ಭುಜ ತಾನಾಗಿಯೇ ಕೆಳಗೆ ಬಂತು. ಮೌಸ್ ಹಿಡಿಯುವ ಬಲಗಡೆ ಎರಡು ಬೆರಳಿನಷ್ಟು ಇಳಿಯಿತು. "ಕಂಪ್ಯೂಟರ್ ಕೆಲಸದವರೆಲ್ಲ ಹೀಗೇನೇ. ಹಂಗೇ ಅಳತೆ ತಗೊಂಡ್ರೆ ಆಮೇಲೆ ಬ್ಲೇಜರ್ ಕೂರಲ್ಲ" ಅಂದು ಅವರು ಪುಸ್ತಕದಲ್ಲಿ ಬರೆದುಕೊಂಡರು.

ನನಗೆ ಆಗ ನೋವು ಅಂತ ಏನೂ ಇರಲಿಲ್ಲ. ನೋವಿದ್ದಿದ್ದರೆ ಗೊತ್ತಾದರೂ ಆಗುತ್ತಿತ್ತು. ಸಂಜೆ ಐದಕ್ಕೆ ಮೂಟೆ ಹೊತ್ತವನಷ್ಟು ಸುಸ್ತಾಗುತ್ತಿತ್ತು. ಹೊತ್ತದ್ದು ಮಾತ್ರ ಒಂದು ಲ್ಯಾಪ್‌ಟಾಪ್ ಬ್ಯಾಗು. ಆಮೇಲೆ ಒಬ್ಬ ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ, ಓದಿ, ನಾನು ಹೆಂಡತಿಗೆ ಮತ್ತು ಅವಳು ನನಗೆ ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಇದು ರೋಗಕ್ಕೆ ಮದ್ದೂ ಅಲ್ಲ. ಮನೆಯಲ್ಲಿ ಇಬ್ಬರು ಸೇರಿ 40 ನಿಮಿಷದಲ್ಲಿ ಮಾಡುವಂಥದ್ದು. ಒಬ್ಬರೇ ಆಫೀಸಿನಲ್ಲಿ ಮಾಡಿಕೊಳ್ಳುವ ಕೆಲವು ವಿಷಯ ಕೊನೆಯಲ್ಲಿವೆ.

ಈ ಬಿಗಿತ ಗೊತ್ತೇ ಆಗುವುದಿಲ್ಲ, ಯಾಕೆ?

ಒಂದು ಲೆಕ್ಕ ನೋಡಿ. ನಮ್ಮ ಒಂದೊಂದು ಕೈಯೂ ಮೈತೂಕದ ಸುಮಾರು ನೂರಕ್ಕೆ ಐದು ಪಾಲು ತೂಗುತ್ತದೆ. 70 ಕಿಲೋ ಇರುವವರ ಎರಡು ಕೈ ಸೇರಿದರೆ 7 ಕಿಲೋ. ತಲೆ ಬೇರೆ 5 ಕಿಲೋ ಹತ್ತಿರ. ಕೀಬೋರ್ಡಿನ ಮೇಲೆ ಕೈ ಚಾಚಿ, ಸ್ಕ್ರೀನಿನ ಕಡೆ ಕತ್ತು ಚಾಚಿ ಕೂತರೆ ಇದನ್ನೆಲ್ಲ ಕತ್ತಿನ ಹಿಂದಿನಿಂದ ಹೆಗಲವರೆಗೆ ಹರಡಿರುವ ಟ್ರಪೀಜಿಯಸ್ ಸ್ನಾಯು ಮತ್ತು ಅದರ ಅಕ್ಕಪಕ್ಕದವರು ಹೊತ್ತಿರಬೇಕು. ಶಕ್ತಿ ಏನೂ ಹೆಚ್ಚು ಬೇಕಾಗಿಲ್ಲ. ಅದಕ್ಕೇ ನಮಗೆ ಗೊತ್ತಾಗುವುದಿಲ್ಲ. ಆದರೆ ಬಿಡುವೇ ಇಲ್ಲ.

ಸ್ವೀಡನ್ನಿನ ಯೋರನ್ ಹೆಗ್ ಎಂಬ ಸಂಶೋಧಕರು 1991ರಲ್ಲಿ ಇದಕ್ಕೆ ಒಂದು ವಿವರಣೆ ಕೊಟ್ಟರು. ಸ್ನಾಯುವಿನಲ್ಲಿ ಸಾವಿರಾರು ಎಳೆಗಳಿರುತ್ತವೆ. ಸಣ್ಣ ಕೆಲಸಕ್ಕೆ ಎಲ್ಲವೂ ಏಳುವುದಿಲ್ಲ, ಚಿಕ್ಕ ಎಳೆಗಳು ಮಾತ್ರ ಏಳುತ್ತವೆ. ಪ್ರತಿ ಸಲವೂ ಅವೇ ಮೊದಲು ಏಳುತ್ತವೆ, ಕೊನೆಗೆ ಮಲಗುತ್ತವೆ. ಕತೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಕೊನೆಗೆ ಮಲಗುವ ಹುಡುಗಿಯ ನೆನಪಿಗೆ ಅವರು ಇವಕ್ಕೆ ಸಿಂಡ್ರೆಲಾ ಎಳೆಗಳು ಅಂತ ಹೆಸರಿಟ್ಟರು. ನಮ್ಮ ಕಡೆಯವರಾಗಿದ್ದರೆ ಹಿರಿಸೊಸೆ ಅಂತ ಇಡುತ್ತಿದ್ದರೇನೋ. ಅದೇ ಹೊತ್ತಿಗೆ ನಾರ್ವೆಯಲ್ಲಿ ಚಾಕೊಲೇಟ್ ಪ್ಯಾಕ್ ಮಾಡುವ ಹೆಂಗಸರ ಹೆಗಲ ಸ್ನಾಯುವನ್ನು ಯಂತ್ರ ಇಟ್ಟು ಅಳೆದು ನೋಡಿದ್ದರು. ಕೆಲಸದ ನಡುವೆ ಸ್ನಾಯು ಕ್ಷಣದ ಒಂದು ಪಾಲಿನಷ್ಟಾದರೂ ಪೂರ್ತಿ ಬಿಡುವು ಪಡೆಯುತ್ತದಾ ಅನ್ನುವುದು ಪ್ರಶ್ನೆ. ಅಂಥ ಪುಟ್ಟ ಬಿಡುವು ಕಡಿಮೆ ಇದ್ದವರಲ್ಲೇ ನೋವು ಹೆಚ್ಚು ಕಂಡಿತು.

ಅಂದರೆ ಈ ಸ್ನಾಯುವಿಗೆ ಬೇಕಾಗಿರುವುದು ರಜೆ. ನಾವು ಕೊಡುವುದು ಏಟು. ನಾನೂ ಹಾಗೇ ಮಾಡಿದೆ. ಟೈಲರ್ ಮಾತು ಕೇಳಿದ ವಾರವೇ ಒಂದು ಮಸಾಜ್ ಸೆಂಟರಿಗೆ ಹೋಗಿ, "ಚೆನ್ನಾಗಿ ಜೋರಾಗಿ ಮಾಡಿ" ಅಂದೆ. ಮೊಣಕೈ ಊರಿ ಉಜ್ಜಿದರು. ಹಲ್ಲು ಕಚ್ಚಿ ಮಲಗಿದ್ದೆ. ಮಾರನೇ ದಿನ ಕತ್ತು ತಿರುಗಿಸಲು ಆಗಲಿಲ್ಲ. ನೋವಾದಾಗ ಮೈ ಬಿಗಿಹಿಡಿಯುತ್ತದೆ, ಅಲ್ವಾ? ಬಿಗಿಹಿಡಿದದ್ದನ್ನು ಬಿಡಿಸಲು ಇನ್ನೂ ನೋಯಿಸಿದರೆ ಅದು ಯಾಕೆ ಬಿಡಬೇಕು? ಜೋರು ಮಾಲೀಶು ಇಷ್ಟಪಡುವವರು ಇದ್ದಾರೆ, ಅವರ ಜೊತೆ ಜಗಳ ಇಲ್ಲ. ಕುರ್ಚಿ ಬಿಗಿತಕ್ಕೆ ಅದು ಸರಿಹೋಗುವುದಿಲ್ಲ ಅನ್ನುವುದು ನನ್ನ ಅನುಭವ.

ಇನ್ನೊಂದು ದಾರಿ ಸಿಕ್ಕಿದ್ದು ಹೆಚ್ಚುಕಡಿಮೆ ಆಕಸ್ಮಿಕವಾಗಿ. 1955ರಲ್ಲಿ ಅಮೆರಿಕದ ಲಾರೆನ್ಸ್ ಜೋನ್ಸ್ ಎಂಬ ಆಸ್ಟಿಯೋಪತಿ (ಮೂಳೆ, ಸ್ನಾಯುಗಳನ್ನು ಕೈಯಿಂದಲೇ ಸರಿಮಾಡುವ ಪದ್ಧತಿ) ವೈದ್ಯರ ಹತ್ತಿರ ಬೆನ್ನು ಬಾಗಿಹೋಗಿ ನೆಟ್ಟಗೆ ನಿಲ್ಲಲಾಗದ ಒಬ್ಬ ಯುವಕ ಬರುತ್ತಿದ್ದ. ಯಾವ ಚಿಕಿತ್ಸೆಯೂ ಹಿಡಿಯಲಿಲ್ಲ. ನಿದ್ದೆಯಾದರೂ ಬರಲಿ ಅಂತ ಜೋನ್ಸ್ ಅವನನ್ನು ಹೇಗೆಹೇಗೋ ತಿರುಗಿಸಿ, ದಿಂಬು ಕೊಟ್ಟು, ನೋವಿಲ್ಲದ ಒಂದು ಭಂಗಿ ಹುಡುಕಿ ಮಲಗಿಸಿ ಬೇರೆ ರೋಗಿಯ ಕಡೆ ಹೋದರು. ವಾಪಸ್ ಬಂದಾಗ ಆತ ನೆಟ್ಟಗೆ ಎದ್ದು ನಿಂತ. ಆಮೇಲೆ ಜೋನ್ಸ್ ಇದನ್ನೇ ಪದ್ಧತಿ ಮಾಡಿದರು. ಬಿಗಿಯಾದ ಸ್ನಾಯುವನ್ನು ಎಳೆಯುವುದಿಲ್ಲ. ಅದು ಯಾವ ಕಡೆಗೆ ಮುದುಡಲು ನೋಡುತ್ತದೋ ಅದೇ ಕಡೆಗೆ ಮೆಲ್ಲಗೆ ಒಯ್ದು, 90 ಸೆಕೆಂಡ್ ಆಸರೆ ಕೊಟ್ಟು ಹಿಡಿದು, ನಿಧಾನವಾಗಿ ವಾಪಸ್ ತರುವುದು. ಕೆಳಗಿನ ಹಂತಗಳಲ್ಲಿ ಇದೇ ಮತ್ತೆ ಮತ್ತೆ ಬರುತ್ತದೆ.

ಯಾರಿಗೆ ಬೇಡ

ಇದನ್ನು ಹಾರಿಸಿ ಓದಬೇಡಿ. ಜ್ವರ ಇದ್ದಾಗ ಬೇಡ. ಒಂದೇ ಕಾಲಿನ ಮೀನಖಂಡ ಊದಿಕೊಂಡು ಬಿಸಿಯಾಗಿ ನೋಯುತ್ತಿದ್ದರೆ ಆ ಕಾಲನ್ನು ಮುಟ್ಟಲೇಬೇಡಿ. ತಾಸುಗಟ್ಟಲೆ ಕೂತವರಿಗೆ, ದೂರದ ವಿಮಾನದಲ್ಲಿ ಬಂದವರಿಗೆ ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಉಜ್ಜಿದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುವ ಅಪಾಯ ಇದೆ. ಅದೇ ದಿನ ಡಾಕ್ಟರಿಗೆ ತೋರಿಸಿ. ಕೈಗೆ ಜೋಮು ಹಿಡಿದು ಬಿಡುತ್ತಲೇ ಇಲ್ಲ, ಲೋಟ ಹಿಡಿದರೆ ಜಾರುತ್ತದೆ ಅನ್ನುವವರೂ ಮೊದಲು ಡಾಕ್ಟರ್ ಹತ್ತಿರ ಹೋಗಬೇಕು. ಎದೆ ಬಿಗಿದು, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಿದರೆ ಅದು ಕುರ್ಚಿ ಬಿಗಿತ ಅಲ್ಲ, 108ಕ್ಕೆ ಫೋನ್ ಮಾಡಿ. ಬಸುರಿಯರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಮೂಳೆ ಸವೆದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ತಮ್ಮ ವೈದ್ಯರನ್ನು ಕೇಳಿಯೇ ಮುಂದುವರಿಯಲಿ.

ಕತ್ತಿನ ಮುಂಭಾಗ ಮತ್ತು ಗಂಟಲಿನ ಎರಡೂ ಪಕ್ಕ ಒತ್ತಲೇಬಾರದು. ಮೆದುಳಿಗೆ ರಕ್ತ ಹೋಗುವ ನಾಳಗಳು ಅಲ್ಲಿವೆ. ಕತ್ತು ಹಿಡಿದು ಲಟಕ್ ಅಂತ ನೆಟಿಕೆ ತೆಗೆಯುವುದಂತೂ ಬೇಡವೇ ಬೇಡ. 2024ರಲ್ಲಿ ಬಳ್ಳಾರಿಯ ಒಬ್ಬರಿಗೆ ಸೆಲೂನಿನಲ್ಲಿ ತಲೆ ಮಾಲೀಶಿನ ಜೊತೆ ಕತ್ತು ತಿರುವಿದ್ದರಿಂದ ರಕ್ತನಾಳ ಹರಿದು ಪಾರ್ಶ್ವವಾಯು ಆದದ್ದು ದೊಡ್ಡ ಸುದ್ದಿಯಾಗಿತ್ತು. ಕಟಿಂಗ್ ಮಾಡಿಸಲು ಹೋದಾಗ ಮೊದಲೇ "ಕತ್ತು ತಿರುಗಿಸಬೇಡಿ" ಅಂತ ಹೇಳುವುದು ನನಗೆ ಈಗ ಅಭ್ಯಾಸ ಆಗಿದೆ.

ಶುರು ಮಾಡುವ ಮುಂಚೆ

ಊಟ ಆಗಿ ಎರಡು ಗಂಟೆ ಕಳೆದಿರಲಿ. ನೆಲದ ಮೇಲೆ ಚಾಪೆ, ಅದರ ಮೇಲೆ ಜಮಖಾನ, ಮೇಲೊಂದು ಕಂಬಳಿ ಹಾಸಿ. ಮಂಚ ಬೇಡ. ಹಾಸಿಗೆ ತಗ್ಗುತ್ತದೆ, ಮಾಡುವವರ ಸೊಂಟ ಹೋಗುತ್ತದೆ. ಮೂರು ದಿಂಬು, ಎರಡು ಟವೆಲ್, ಹೊದೆಯಲು ಒಂದು ಬೆಡ್‌ಶೀಟ್ ಪಕ್ಕದಲ್ಲಿರಲಿ. ಸುಮ್ಮನೆ ಮಲಗಿದರೆ ಮೈ ತಣ್ಣಗಾಗುತ್ತದೆ, ತಣ್ಣಗಾದರೆ ಮತ್ತೆ ಬಿಗಿಯುತ್ತದೆ. ಆದ್ದರಿಂದ ಫ್ಯಾನ್ ಒಂದರಲ್ಲಿ ಸಾಕು. ಫೋನು ಬೇರೆ ಕೋಣೆಯಲ್ಲಿ. ವೈಬ್ರೇಟ್ ಮೋಡಿನಲ್ಲಿ ಇಟ್ಟರೂ ಅದು ಗುರ್ ಅಂದಾಗ ಭುಜ ಏರುವುದು ಮಾಡುವವರ ಕೈಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಸಡಿಲ ಬಟ್ಟೆಯ ಮೇಲೆಯೇ ಮಾಡಬಹುದು. ಎಣ್ಣೆ ಬೇಕಾಗುವುದು ಕೊನೆಯಲ್ಲಿ, ಪಾದಕ್ಕೆ ಮಾತ್ರ. ಮಾಡುವವರು ಉಗುರು ಕತ್ತರಿಸಿ, ಉಂಗುರ, ಬಳೆ, ವಾಚು ತೆಗೆದಿಡಬೇಕು. ಬಿಸಿನೀರು ತುಂಬಿದ ಸ್ಟೀಲ್ ಲೋಟವನ್ನು ಒಂದು ನಿಮಿಷ ಹಿಡಿದು ಕೈ ಬೆಚ್ಚಗೆ ಮಾಡಿಕೊಳ್ಳಿ. ನಿಮಗೂ ಆಸರೆ ಇರಲಿ. ಒಂದು ಮಣೆಯ ಮೇಲೆ ಕೂತು ಮೊಣಕೈಯನ್ನು ತೊಡೆಗೆ ಊರಿಕೊಳ್ಳಿ. ಮಾಡುವವರ ಭುಜ ಬಿಗಿಯಾಗಿದ್ದರೆ ಕೈ ಗಟ್ಟಿಯಾಗುತ್ತದೆ, ಮಲಗಿದವರ ಮೈ ಬಿಡುವುದಿಲ್ಲ.

ಒತ್ತು ಎಷ್ಟಿರಬೇಕು? ಮಾರ್ಕೆಟ್ಟಿನಲ್ಲಿ ಮಾವಿನಹಣ್ಣು ಹಣ್ಣಾಗಿದೆಯಾ ಅಂತ ಒತ್ತಿ ನೋಡುತ್ತೇವಲ್ಲ, ಅಂಗಡಿಯವನು ಬೈಯದಷ್ಟು, ಅಷ್ಟೇ. ತೀರಾ ಹಗುರವೂ ಬೇಡ. ಗರಿಯ ಹಾಗೆ ಸವರಿದರೆ ಕಚಗುಳಿಯಾಗಿ ಮೈ ಎಚ್ಚರಗೊಳ್ಳುತ್ತದೆ. ಅಮೆರಿಕದ ಮಯಾಮಿಯಲ್ಲಿ ಟಿಫನಿ ಫೀಲ್ಡ್ ಅವರ ತಂಡ ನೋಡಿದ್ದೂ ಇದನ್ನೇ. ಹದವಾದ ಒತ್ತಿಗೆ ಎದೆಬಡಿತ ನಿಧಾನವಾಯಿತು, ಬರೀ ಸವರಿದಾಗ ಆಗಲಿಲ್ಲ.

ವೇಗದ ವಿಷಯವೂ ಇದೆ. ನಮ್ಮ ಚರ್ಮದಲ್ಲಿ, ಅದರಲ್ಲೂ ಕೂದಲಿರುವ ಕಡೆ, ಮೆಲ್ಲಗೆ ನೀವುವ ಕೈಗೆಂದೇ ಇರುವ ಒಂದು ಬಗೆಯ ನರಗಳಿವೆ. ಸ್ವೀಡನ್ನಿನ ಗೋಥೆನ್‌ಬರ್ಗಿನ ಸಂಶೋಧಕರು ಇವುಗಳ ಬಗ್ಗೆ ತುಂಬ ಕೆಲಸ ಮಾಡಿದ್ದಾರೆ. ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ನೀವಿದಾಗ ಇವು ಚೆನ್ನಾಗಿ ಮಿಡಿಯುತ್ತವೆ. ಸೆಕೆಂಡಿಗೆ 3 ಸೆಂಟಿಮೀಟರ್ ಅಂತ ಇಟ್ಟುಕೊಂಡರೂ ಮೊಣಕೈಯಿಂದ ಮಣಿಕಟ್ಟಿಗೆ ಬರಲು ಎಂಟು ಸೆಕೆಂಡ್ ಬೇಕು. ಒಮ್ಮೆ ಗಡಿಯಾರ ನೋಡಿಕೊಂಡು ಮಾಡಿ. ನಾವೆಲ್ಲ ಎಷ್ಟು ಅವಸರದವರು ಅಂತ ನಗು ಬರುತ್ತದೆ.

ಹಂತ 1: ಸಂದು ತುಂಬುವುದು

ಅಂಗಾತ ಮಲಗಿಸಿ. ಮೀನಖಂಡ ಎರಡನ್ನೂ ಒಂದು ಕುರ್ಚಿಯ ಸೀಟಿನ ಮೇಲೆ ಇಡಿ. ಕುರ್ಚಿ ಬೇಡ ಅನಿಸಿದರೆ ಮಂಡಿಯ ಕೆಳಗೆ ಎರಡು ದಿಂಬು. ದಿನವಿಡೀ ಕೂತವರ ತೊಡೆಯ ಮುಂಭಾಗ ಮತ್ತು ಸೊಂಟದ ಒಳಗಿನ ಸ್ನಾಯು ಮುದುಡಿರುತ್ತದೆ. ಕಾಲು ನೀಟಾಗಿ ಚಾಚಿಸಿದರೆ ಅದು ಸೊಂಟವನ್ನು ಮೇಲಕ್ಕೆ ಎಳೆಯುತ್ತದೆ. ತಲೆಯ ಕೆಳಗೆ ಮಡಚಿದ ಟವೆಲ್ ಇಡಿ. ಗಲ್ಲ ಸೂರಿನ ಕಡೆ ಎದ್ದಿದ್ದರೆ ಇನ್ನೊಂದು ಮಡಿಕೆ ಹಾಕಿ. ಮೊಣಕೈ ನೆಲ ಮುಟ್ಟದಿದ್ದರೆ ಅದರ ಕೆಳಗೂ ಬಟ್ಟೆ ಇಡಿ. ಮೈಗೂ ನೆಲಕ್ಕೂ ನಡುವೆ ಎಲ್ಲೆಲ್ಲಿ ಸಂದು ಇದೆಯೋ ಅಲ್ಲೆಲ್ಲ ಏನಾದರೂ ತುಂಬಬೇಕು. ಸಂದು ಇದ್ದ ಕಡೆ ಯಾವುದೋ ಒಂದು ಸ್ನಾಯು ಇನ್ನೂ ಡ್ಯೂಟಿಯಲ್ಲಿದೆ ಅಂತ ಅರ್ಥ. ನಮ್ಮ ಕೋಲಾರ ಸೀಮೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಅವರು ಯೋಗಕ್ಕೆ ಕುರ್ಚಿ, ಕಂಬಳಿ, ದಿಂಬು, ಹಗ್ಗ ಎಲ್ಲ ತಂದದ್ದು ನೆನಪಿರಬಹುದು. ಆಸರೆ ಕೊಟ್ಟರೆ ಮೈ ಬಿಡುತ್ತದೆ ಅನ್ನುವುದು ಅಲ್ಲೂ ಇದೆ.

ಹಂತ 2: ಕೈ ಬೀಳುತ್ತದಾ ನೋಡಿ

ಒಂದು ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು ನಾಲ್ಕು ಬೆರಳೆತ್ತರ ಎತ್ತಿ. "ಭಾರ ಪೂರ್ತಿ ನನಗೆ ಕೊಡಿ" ಅನ್ನಿ. ಕೆಳಗೆ ಮೆತ್ತನೆಯ ದಿಂಬಿರಲಿ. ಹಿಡಿದ ಕೈ ಮೆಲ್ಲಗೆ ಸಡಿಲಿಸಿ. ಬಿಟ್ಟ ಕೈ ಒದ್ದೆ ಬಟ್ಟೆಯ ಹಾಗೆ ಬೀಳಬೇಕು. ಬಹಳಷ್ಟು ಸಲ ಬೀಳುವುದಿಲ್ಲ. ಗಾಳಿಯಲ್ಲೇ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಮೊದಲ ಸಲ ಆದದ್ದು ಹೀಗೆ:

"ರೀ, ಕೈ ಬಿಡಿ."

"ಬಿಟ್ಟಿದೀನಿ ಕಣೆ."

"ಹಂಗಾದ್ರೆ ಅದನ್ನ ಎತ್ಕೊಂಡಿರೋರು ಯಾರು?"

ಕಣ್ಣು ಬಿಟ್ಟು ನೋಡಿದರೆ ನನ್ನ ಕೈ ನಿಜವಾಗಿಯೂ ಗಾಳಿಯಲ್ಲಿತ್ತು. ಕೈ ಬೀಳದಿದ್ದರೆ ಬೈಯಬೇಡಿ, "ಸಡಿಲ ಬಿಡು" ಅಂತ ಹತ್ತು ಸಲ ಹೇಳಲೂಬೇಡಿ. ಹೇಳಿದಷ್ಟೂ ಅದು ಇನ್ನೊಂದು ಕೆಲಸ ಆಗಿಬಿಡುತ್ತದೆ. ಯಾವ ಕಡೆ ಜಾಸ್ತಿ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕೊನೆಗೆ ಇದೇ ಪರೀಕ್ಷೆ ಮತ್ತೆ ಮಾಡಿದಾಗ ವ್ಯತ್ಯಾಸ ಗೊತ್ತಾಗುತ್ತದೆ.

ಹಂತ 3: ಕೈ ಇಟ್ಟು ಕಾಯುವುದು

ಒಂದು ಅಂಗೈ ಮೇಲುಹೊಟ್ಟೆಯ ಮೇಲೆ, ಇನ್ನೊಂದು ಹೆಗಲ ಮೇಲೆ. ಒತ್ತಬೇಡಿ. ಕೈಯ ಭಾರ ಸಾಕು. ಅವರ ಹತ್ತು ಉಸಿರು ಎಣಿಸಿ. ಇಷ್ಟೇ. ಹೊಸಬರು ಈ ಹಂತವನ್ನು ಬಿಡುತ್ತಾರೆ, ಏನೂ ಮಾಡದೆ ಕೂತ ಹಾಗೆ ಅನಿಸುವುದರಿಂದ. ಟೈಲರ್ ಮಾಡಿದ್ದು ಇದನ್ನೇ.

ಹಂತ 4: ಭುಜಕ್ಕೆ ರಜೆ

ಪೂರ್ತಿ ವಿಧಾನದ ಜೀವಾಳ ಇಲ್ಲಿದೆ, ಸಮಯವನ್ನೂ ಇಲ್ಲೇ ಹೆಚ್ಚು ಕೊಡಿ. ಬಲಭುಜದ ಪಕ್ಕದಲ್ಲಿ ಕೂರಿ. ಒಂದು ಕೈಯನ್ನು ಬೆನ್ನಿನ ಕೆಳಗೆ ಜಾರಿಸಿ. ಬೆನ್ನಿನ ಮೇಲ್ಭಾಗದಲ್ಲಿ ರೆಕ್ಕೆಯಂಥ ಅಗಲ ಮೂಳೆ ಸಿಗುತ್ತದೆ. ಅದು ಪೂರ್ತಿ ನಿಮ್ಮ ಅಂಗೈಯಲ್ಲಿ ಕೂರಲಿ. ಇನ್ನೊಂದು ಅಂಗೈ ಭುಜದ ಮುಂಭಾಗದ ಮೇಲೆ. ಈಗ ಭುಜ ನಿಮ್ಮ ಎರಡು ಕೈಗಳ ನಡುವೆ ಇದೆ, ಬಿಸಿ ರೊಟ್ಟಿಯನ್ನು ಎರಡು ಕೈಯಲ್ಲಿ ಹಿಡಿದ ಹಾಗೆ.

ಎಲ್ಲರೂ ತಪ್ಪುವುದು ಇಲ್ಲೇ. ಏರಿದ ಭುಜವನ್ನು ಕೆಳಗೆ ಎಳೆಯಲು ಹೋಗುತ್ತಾರೆ. ಎಳೆಯಬೇಡಿ. ಅದನ್ನು ಮೆಲ್ಲಗೆ ಕಿವಿಯ ಕಡೆಗೇ ಒಯ್ಯಿರಿ. ಏರಿಕೊಂಡೇ ಇರಬೇಕು ಅಂತ ಅದಕ್ಕೆ ಆಸೆ ತಾನೇ? ಸರಿ, ಏರಲಿ. ಆದರೆ ಹೊರುವ ಕೆಲಸ ಈಗ ನಿಮ್ಮದು. ಎರಡು ಮೂರು ಸೆಂಟಿಮೀಟರ್ ಸಾಕು. ತಡೆ ಸಿಕ್ಕರೆ ಅಲ್ಲಿಗೆ ನಿಲ್ಲಿಸಿ. ಆಮೇಲೆ ಸಣ್ಣಗೆ ಮುಂದೆ, ಹಿಂದೆ ಓಲಿಸಿ ನೋಡಿ. ಎಲ್ಲಿ ಭುಜ ತೀರಾ ಮೆತ್ತಗೆ, ಸಡಿಲ ಅನಿಸುತ್ತದೋ ಅಲ್ಲಿ ನಿಂತುಬಿಡಿ. ಮನಸ್ಸಿನಲ್ಲೇ 90 ಎಣಿಸಿ.

ನಲವತ್ತು, ಐವತ್ತು ದಾಟುವ ಹೊತ್ತಿಗೆ ಏನಾದರೂ ಆಗುತ್ತದೆ. ಭುಜ ಇದ್ದಕ್ಕಿದ್ದಂತೆ ಭಾರವಾದ ಹಾಗೆ ಅನಿಸಬಹುದು. ಬೆರಳು ಒಮ್ಮೆ ಸೆಟೆದು ಬಿಡಬಹುದು. ಉದ್ದ ಉಸಿರು ಬರುತ್ತದೆ. ಹೊಟ್ಟೆ ಗುರುಗುಟ್ಟುತ್ತದೆ, ನಾಚಿಕೆ ಬೇಡ, ಅದು ಒಳ್ಳೆಯ ಸೂಚನೆ. ಏನೂ ಆಗದಿದ್ದರೂ ಪರವಾಗಿಲ್ಲ. 90 ಆದ ಮೇಲೆ ಹತ್ತು ಸೆಕೆಂಡ್ ತೆಗೆದುಕೊಂಡು, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ, ಭುಜವನ್ನು ನೆಲಕ್ಕೆ ಇಳಿಸಿ. ಪಟ್ಟನೆ ಬಿಟ್ಟರೆ ಸ್ನಾಯು ಬೆಚ್ಚಿ ಮತ್ತೆ ಹಿಡಿದುಕೊಳ್ಳುತ್ತದೆ, ಅಷ್ಟು ಹೊತ್ತಿನ ಕೆಲಸ ನೀರಿನಲ್ಲಿ ಹೋಮ. ಆಮೇಲೆ ಎಡಗಡೆ. ಹೆಚ್ಚು ಬಿಗಿ ಇರುವ ಕಡೆಗೆ ಎರಡು ಸಲ ಮಾಡಬಹುದು.

ಹಂತ 5: ತೋಳು, ಮುಂಗೈ, ಅಂಗೈ

ಅಂಗೈಯನ್ನು ತೋಳಿಗೆ ಪೂರ್ತಿ ಸುತ್ತಿ, ಹೆಗಲಿನಿಂದ ಮಣಿಕಟ್ಟಿನವರೆಗೆ ಸೆಕೆಂಡಿಗೆ 3 ಸೆಂಟಿಮೀಟರಿನ ಅದೇ ವೇಗದಲ್ಲಿ ಐದು ಸಲ ನೀವಿ. ಮೊಣಕೈಯಿಂದ ಸ್ವಲ್ಪ ಕೆಳಗೆ, ಮುಂಗೈಯ ಹೊರಬದಿಯಲ್ಲಿ ಒಂದು ಉಬ್ಬು ಸಿಗುತ್ತದೆ. ಬೆರಳು ಎತ್ತುವ ಸ್ನಾಯು ಅದು. ಮೌಸಿನ ಮೇಲೆ ಬೆರಳನ್ನು ಒತ್ತದೆ ಎತ್ತಿ ಹಿಡಿದು ಕಾಯುತ್ತೇವಲ್ಲ, ಆ ದಣಿವೆಲ್ಲ ಇಲ್ಲೇ ಕೂತಿರುತ್ತದೆ. ಎರಡು ಅಂಗೈಯ ನಡುವೆ ಅದನ್ನು ಹಿಡಿದು ಸುಮ್ನೆ ಬೆಚ್ಚಗೆ ಇರಿಸಿ. ನಂತರ ಅವರ ಅಂಗೈಯನ್ನು ಮೇಲೆ ಮಾಡಿ, ನಿಮ್ಮ ಎರಡು ಹೆಬ್ಬೆರಳಿನಿಂದ ನಡುವಿನಿಂದ ಹೊರಕ್ಕೆ, ಪುಸ್ತಕ ಬಿಡಿಸುವ ಹಾಗೆ ಬಿಡಿಸಿ. ಹೆಬ್ಬೆರಳಿನ ಬುಡದ ದಪ್ಪ ಭಾಗದಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಫೋನು ಹಿಡಿಯುವ ಕೈಯಲ್ಲಿ ಇಲ್ಲಿ ಆಶ್ಚರ್ಯವಾಗುವಷ್ಟು ನೋವಿರುತ್ತದೆ.

ಹಂತ 6: ತಲೆಯ ಭಾರ ತೆಗೆದುಕೊಳ್ಳುವುದು

ತಲೆಯ ಹಿಂದೆ ಕೂರಿ. ಮೊದಲು ನಿಮ್ಮ ಮೇಲೇ ಒಂದು ಪ್ರಯೋಗ ಮಾಡಿ. ತಲೆಬುರುಡೆ ಮುಗಿದು ಕತ್ತು ಶುರುವಾಗುವ ಕಡೆ, ನಟ್ಟನಡುವಿನಿಂದ ಎರಡು ಬೆರಳು ಪಕ್ಕಕ್ಕೆ, ಬೆರಳ ತುದಿ ಇಟ್ಟುಕೊಳ್ಳಿ. ತಲೆ ಅಲ್ಲಾಡಿಸದೆ ಕಣ್ಣುಗಳನ್ನು ಮಾತ್ರ ಎಡಕ್ಕೆ, ಬಲಕ್ಕೆ ಹೊರಳಿಸಿ. ಬೆರಳ ಕೆಳಗೆ ಏನೋ ಸಣ್ಣಗೆ ಮಿಸುಕುತ್ತದೆ. ಕಣ್ಣು ಹೋದ ಕಡೆ ತಲೆಯೂ ತಿರುಗಲು ತಯಾರಾಗಿರಲಿ ಅಂತ ಅಲ್ಲಿರುವ ಪುಟ್ಟ ಸ್ನಾಯುಗಳು ಕಾದಿರುತ್ತವೆ. ಎಂಟು ತಾಸು ಕಣ್ಣು ಸ್ಕ್ರೀನಿಗೆ ನೆಟ್ಟರೆ ಅವೂ ಎಂಟು ತಾಸು ಕಾವಲು ನಿಲ್ಲುತ್ತವೆ. ಸಂಜೆಯ ತಲೆನೋವು ಕತ್ತಿನ ಹಿಂದಿನಿಂದ ಹೊರಟು ಹಣೆಗೆ, ಕಣ್ಣಿನ ಹಿಂದಕ್ಕೆ ಬರುವುದು ಎಷ್ಟೋ ಸಲ ಇಲ್ಲಿಂದಲೇ.

ಎರಡೂ ಅಂಗೈಗಳನ್ನು ಬೊಗಸೆ ಮಾಡಿ ತಲೆಯ ಕೆಳಗೆ ಜಾರಿಸಿ, ಕೈಯ ಹಿಂಭಾಗ ನೆಲದ ಮೇಲಿರಲಿ. ತಲೆಯ ಭಾರ ಅಂಗೈಗೆ ಬರಲಿ. ಬೆರಳ ತುದಿಗಳು ಬುರುಡೆಯ ಅಂಚಿನ ಕೆಳಗಿನ ಆ ತಗ್ಗಿನಲ್ಲಿ ಮೇಲ್ಮುಖವಾಗಿ ನಿಲ್ಲಲಿ. ಒತ್ತುವುದು ನೀವಲ್ಲ, ತಲೆ ತನ್ನ ಭಾರದಲ್ಲಿ ಬೆರಳ ಮೇಲೆ ಕೂರುತ್ತದೆ. ಎರಡರಿಂದ ಮೂರು ನಿಮಿಷ. ಮೊದಲು ಬೆರಳಿಗೆ ಹಗ್ಗದಂಥದ್ದು ಸಿಗುತ್ತದೆ, ಆಮೇಲೆ ಅದು ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ಆಗ ತಲೆಯನ್ನು ಒಂದು ಬೆರಳಿನ ಅಗಲದಷ್ಟು ಎಡಕ್ಕೆ, ಬಲಕ್ಕೆ ಹೊರಳಿಸಿ. ಅದಕ್ಕಿಂತ ಹೆಚ್ಚು ಬೇಡ. ತಲೆಸುತ್ತು, ವಾಕರಿಕೆ, ಕಣ್ಣು ಮಂಜು ಅಂದರೆ ತಕ್ಷಣ ನಿಲ್ಲಿಸಿ.

ಹಂತ 7: ದವಡೆ, ಹುಬ್ಬು, ಕಿವಿ

ಸುಮ್ಮನಿದ್ದಾಗ ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಮುಟ್ಟಿರಬಾರದು. ತುಟಿ ಮುಚ್ಚಿರಬೇಕು, ಹಲ್ಲಿನ ನಡುವೆ ಎರಡು ಮೂರು ಮಿಲಿಮೀಟರ್ ಸಂದು ಇರಬೇಕು. ಇದು ನನಗೆ ಮೂವತ್ತೆಂಟನೇ ವಯಸ್ಸಿನವರೆಗೆ ಗೊತ್ತಿರಲಿಲ್ಲ! ಕಿವಿಯ ಮುಂದೆ, ಕೆನ್ನೆಯ ಮೇಲೆ ಅಂಗೈ ಇಡಿ. ಹಲ್ಲು ಕಚ್ಚಿದಾಗ ಉಬ್ಬುವ ಸ್ನಾಯುವನ್ನು ಅಂಗೈಯಿಂದಲೇ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿಯಿರಿ. ಒಂದು ನಿಮಿಷದಲ್ಲಿ ಬಾಯಿ ತಾನೇ ಸ್ವಲ್ಪ ತೆರೆಯುತ್ತದೆ. ಹುಬ್ಬನ್ನು ಮೂಗಿನ ಕಡೆಯಿಂದ ಹೊರಕ್ಕೆ ಹೆಬ್ಬೆರಳಿನಿಂದ ನೀವಿ. ಕಿವಿಯನ್ನು ಬುಡದಲ್ಲಿ ಹಿಡಿದು ಹೊರಕ್ಕೆ, ಹಗುರಾಗಿ. ಕಣ್ಣುಗುಡ್ಡೆ ಒತ್ತಬೇಡಿ. ಬೆಚ್ಚಗಿನ ಅಂಗೈಯನ್ನು ಕಣ್ಣಿಗೆ ತಾಗದ ಹಾಗೆ ಮುಚ್ಚಿದರೆ ಸಾಕು.

ಹಂತ 8: ಪಕ್ಕೆ ಮತ್ತು ಸೊಂಟ

ಪಕ್ಕೆಲುಬಿನ ಎರಡೂ ಕಡೆ ಅಂಗೈ ಇಟ್ಟು ಉಸಿರಿನ ಜೊತೆ ಹೋಗಿ, ಬನ್ನಿ. ಇಮೇಲ್ ಟೈಪ್ ಮಾಡುವಾಗ ಉಸಿರು ಹಿಡಿಯುವವರಿಗೆ ಪಕ್ಕೆ ಅಲ್ಲಾಡುವುದೇ ಕಡಿಮೆ. ಉಸಿರು ಬಿಡುವಾಗ ಮಾತ್ರ ನಿಮ್ಮ ಕೈ ಸ್ವಲ್ಪ ಒಳಕ್ಕೆ ಜೊತೆ ಕೊಡಲಿ. ಆರೇಳು ಉಸಿರು ಸಾಕು. ಆಮೇಲೆ ಸೊಂಟದ ಪಕ್ಕದ ಮೂಳೆಗೆ ಒಂದು ಅಂಗೈ ಇಟ್ಟು ತೊಟ್ಟಿಲು ತೂಗುವ ಹಾಗೆ ಸಣ್ಣಗೆ ತೂಗಿ. ನೀವು ದೂಡುವುದು ಒಂದು ಕಡೆಗೆ ಮಾತ್ರ, ವಾಪಸ್ ಅದು ತಾನಾಗಿ ಬರಲಿ. ಅದಕ್ಕೊಂದು ಸ್ವಂತ ಲಯ ಇರುತ್ತದೆ, ಅದು ಸಿಕ್ಕಿದರೆ ಪಾದದವರೆಗೆ ಮೈ ಅಲುಗುತ್ತದೆ. ಎರಡು ನಿಮಿಷ. ಡಿಸ್ಕ್ ತೊಂದರೆ ಇರುವವರಿಗೆ ಇದನ್ನು ಬಿಟ್ಟುಬಿಡಿ.

ಹಂತ 9: ಪಾದಕ್ಕೆ ಎಣ್ಣೆ

ನರಕ ಚತುರ್ದಶಿಯ ಬೆಳಗ್ಗೆ ಅಜ್ಜಿ ಎಣ್ಣೆ ಹಚ್ಚಿದ ನೆನಪು ಎಲ್ಲರಿಗೂ ಇರುತ್ತದೆ. ನಮ್ಮ ಅಜ್ಜಿ ನೆತ್ತಿಗೆ ತಟ್ಟಿ, ಕಿವಿಗೆ ಒಂದು ತೊಟ್ಟು ಬಿಟ್ಟು, ಕೊನೆಗೆ ಅಂಗಾಲಿಗೆ ಬರುತ್ತಿದ್ದರು. ವಾಗ್ಭಟನ ಆಯುರ್ವೇದ ಗ್ರಂಥ ಅಷ್ಟಾಂಗ ಹೃದಯದಲ್ಲೂ ಇದೇ ಇದೆ. ದಿನಾ ಅಭ್ಯಂಗ ಮಾಡಬೇಕು, ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಅಂತ. ಅಜೀರ್ಣ ಆದವರಿಗೆ ಬೇಡ ಅನ್ನುವ ಎಚ್ಚರಿಕೆಯೂ ಅಲ್ಲೇ ಇದೆ. ಕಿವಿಗೆ ಎಣ್ಣೆ ಬಿಡುವುದನ್ನು ಇಂದಿನ ಡಾಕ್ಟರುಗಳು ಒಪ್ಪುವುದಿಲ್ಲ, ಹೊರಗೆ ಹಚ್ಚಿದರೆ ಸಾಕು.

ಎಳ್ಳೆಣ್ಣೆ ಒಂದು ಚಮಚ, ಉಗುರುಬೆಚ್ಚಗೆ. ಕೊಬ್ಬರಿ ಎಣ್ಣೆಯೂ ಆಗುತ್ತದೆ. ಹರಳೆಣ್ಣೆ ಅಂಟಂಟು, ಬೆಡ್‌ಶೀಟ್ ಹಾಳು. ಕೆಳಗೆ ಹಳೆಯ ಟವೆಲ್ ಹಾಸಿ. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಪಾದದ ಭಾರ ತೆಗೆದುಕೊಳ್ಳಿ. ಹೆಬ್ಬೆರಳಿನಿಂದ ಹಿಮ್ಮಡಿಯಿಂದ ಬೆರಳಿನ ಬುಡದವರೆಗೆ ನಿಧಾನವಾಗಿ ನೀವಿ. ಪ್ರತಿ ಬೆರಳನ್ನೂ ಬುಡದಲ್ಲಿ ಹಿಡಿದು ಸುತ್ತಿಸಿ. ಇಲ್ಲಿ ಮಾವಿನಹಣ್ಣಿನ ಒತ್ತಿಗಿಂತ ಸ್ವಲ್ಪ ಜಾಸ್ತಿ ಇರಲಿ, ಇಲ್ಲದಿದ್ದರೆ ಕಚಗುಳಿ. ಮುಗಿದ ಮೇಲೆ ಎಣ್ಣೆ ಪೂರ್ತಿ ಒರೆಸಿ. ಟೈಲ್ಸ್ ನೆಲದ ಮೇಲೆ ಎಣ್ಣೆಗಾಲಿನಲ್ಲಿ ಜಾರಿ ಬಿದ್ದರೆ ಇಡೀ ಮಾರ್ಗದರ್ಶಿಗೆ ಅರ್ಥವಿಲ್ಲ.

ಈಗ ಕೈ ಎತ್ತಿ ಬಿಡುವ ಪರೀಕ್ಷೆ ಇನ್ನೊಮ್ಮೆ ಮಾಡಿ. ನಿದ್ದೆ ಹೋಗಿದ್ದರೆ ಅದೂ ಬೇಡ, ಹೊದಿಸಿ ಬಿಡಿ. ಏಳುವಾಗ ನೇರ ಏಳಬಾರದು. ಪಕ್ಕಕ್ಕೆ ಹೊರಳಿ, ನಾಲ್ಕು ಉಸಿರು ಮಲಗಿದ್ದು, ಕೈ ಊರಿ ಎದ್ದು ಕೂರಬೇಕು.

ಆಫೀಸಿನಲ್ಲಿ, ಒಬ್ಬರೇ

ವಾರಕ್ಕೆ ಒಂದು ರಾತ್ರಿ ಬಿಡಿಸಿ ಐದು ಹಗಲು ಕಟ್ಟಿದರೆ ಲೆಕ್ಕ ಸರಿಹೋಗುವುದಿಲ್ಲ. ನಾರ್ವೆಯ ಆ ಹೆಂಗಸರ ಕತೆ ನೆನಪಿಡಿ. ಬೇಕಾದದ್ದು ಪುಟ್ಟ ಬಿಡುವು, ಪದೇ ಪದೇ. ಕುರ್ಚಿಯ ಕೈಯನ್ನು ಮೊಣಕೈ ಕೂರುವ ಎತ್ತರಕ್ಕೆ ತನ್ನಿ. ಕೈ ಇಲ್ಲದ ಕುರ್ಚಿಯಾದರೆ ತೊಡೆಯ ಮೇಲೆ ಬ್ಯಾಗ್ ಇಟ್ಟು ಮೊಣಕೈ ಊರಿ. ಫೈಲ್ ತೆರೆಯುವಾಗ, ಕಾಲ್ ಕನೆಕ್ಟ್ ಆಗುವಾಗ, ಕೈಯನ್ನು ಮೌಸಿನಿಂದ ತೆಗೆದು ತೊಡೆಯ ಮೇಲೆ ಹೆಣದ ಹಾಗೆ ಬಿಡಿ. ಮೂರು ಸೆಕೆಂಡ್. ದಿನಕ್ಕೆ ಐವತ್ತು ಸಲ ಸಿಗುವ ಅವಕಾಶ ಇದು.

ಭುಜದ ಹಂತವನ್ನು ಒಬ್ಬರೇ ಹೀಗೆ ಮಾಡಿಕೊಳ್ಳಬಹುದು. ಬಲ ಮೊಣಕೈಯನ್ನು ಮೇಜಿನ ಮೇಲೆ ಊರಿ, ಮೈಯನ್ನು ಸ್ವಲ್ಪ ಬಲಕ್ಕೆ ಬಾಗಿಸಿ. ಭುಜ ತಾನೇ ಕಿವಿಯ ಕಡೆ ಏರುತ್ತದೆ, ಹೊರುವ ಕೆಲಸ ಮೇಜಿನದು. ಎಡ ಅಂಗೈಯನ್ನು ಬಲ ಹೆಗಲ ಮೇಲಿಡಿ. 90 ಸೆಕೆಂಡ್. ಪಕ್ಕದವರಿಗೆ ನೀವು ಏನೋ ಯೋಚಿಸುತ್ತಿರುವ ಹಾಗೆ ಕಾಣುತ್ತದೆ, ಅದೂ ಒಂದು ಲಾಭ. ಬೆನ್ನಿಗಾದರೆ ಕಾಲುಚೀಲದಲ್ಲಿ ಒಂದು ಟೆನಿಸ್ ಚೆಂಡು ಹಾಕಿ, ಗೋಡೆಗೂ ಬೆನ್ನಿಗೂ ನಡುವೆ ಇಟ್ಟು ಒರಗಿ ನಿಲ್ಲಿ. ಉಜ್ಜಬೇಡಿ, ಸುಮ್ನೆ ಒರಗಿ. ಬೆನ್ನುಮೂಳೆಯ ಮೇಲೆ ಬೇಡ, ಅದರ ಪಕ್ಕದಲ್ಲಿ.

ಎಷ್ಟು ಸಲ, ಎಷ್ಟು ದಿನ

ನಮಗೆ ವಾರಕ್ಕೊಮ್ಮೆ ಸರಿಹೋಗಿದೆ. ಮೊದಲ ಸಲ ಮಾಡಿಸಿಕೊಂಡ ಮಾರನೇ ದಿನ ಸುಸ್ತು ಇನ್ನೂ ಜಾಸ್ತಿ ಅನಿಸಬಹುದು. ನನಗೆ ಹಾಗೇ ಆಗಿತ್ತು. ರಾತ್ರಿ ಒಂಬತ್ತೂವರೆಗೇ ನಿದ್ದೆ ಹೋದೆ. ಹಳೆಯ ಬಾಕಿ ಅಂತ ನಾನು ಅಂದುಕೊಂಡೆ. ನಾಲ್ಕೈದು ವಾರ ಕಳೆದ ಮೇಲೆ ಭುಜ ಏರುವುದು ಏರುವಾಗಲೇ ಗೊತ್ತಾಗಲು ಶುರುವಾಯಿತು. ಬಿಗಿತ ನಿಂತಿಲ್ಲ, ಆದರೆ ಈಗ ಕದ್ದು ಬರುವುದಿಲ್ಲ.

ತಿಂಗಳಾದರೂ ಸುಸ್ತು ಹೋಗದಿದ್ದರೆ ಕಾರಣ ಸ್ನಾಯುವಿನಲ್ಲಿ ಇಲ್ಲದೆಯೂ ಇರಬಹುದು. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬಿ12, ವಿಟಮಿನ್ ಡಿ ನೋಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕಡಿಮೆ ಇರುವುದು ಸಾಮಾನ್ಯ, ನನ್ನ ಹೆಂಡತಿಗೂ ಅದೇ ಇತ್ತು. ಜೋರು ಗೊರಕೆ ಹೊಡೆದು, ನಡುನಡುವೆ ಉಸಿರು ನಿಂತ ಹಾಗಾಗಿ, ಬೆಳಗ್ಗೆ ಎದ್ದರೂ ನಿದ್ದೆ ಆದ ಹಾಗೆ ಅನಿಸದವರು ಅದನ್ನೇ ಡಾಕ್ಟರ್ ಹತ್ತಿರ ಹೇಳಬೇಕು. ಎಷ್ಟು ಎಣ್ಣೆ ಹಚ್ಚಿದರೂ ಅದು ಹೋಗುವಂಥದ್ದಲ್ಲ.

ಇನ್ನೊಂದು. ಒಂದೇ ರಾತ್ರಿ ಇಬ್ಬರಿಗೂ ಮಾಡಲು ಹೋಗಬೇಡಿ. ಮೊದಲು ಮಾಡಿಸಿಕೊಂಡವರು ಎದ್ದು ಇನ್ನೊಬ್ಬರಿಗೆ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲ. ನಮ್ಮ ಮನೆಯಲ್ಲಿ ಬುಧವಾರ ನನ್ನ ಸರದಿ, ಶನಿವಾರ ಅವಳದು. ಶನಿವಾರ ಮ್ಯಾಚ್ ಇದ್ದಾಗ ಅದಲುಬದಲು ಮಾಡಿಕೊಳ್ಳೋಣ ಅಂತ ಒಂದೆರಡು ಸಲ ಕೇಳಿ ನೋಡಿದೆ. ಚಾಪೆ ಹಾಸಿ, ಟಿವಿ ರಿಮೋಟನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗಿದಳು.